ಅಳಿಯ ಕಟ್ಟಿಸಿದ ಹಗ್ಗ

ನನ್ನ ಅಳಿಯ ಮೊಟ್ಟೆ ಬೇಯಿಸಲು ಇಟ್ಟರೆ ಎರಡು ಅಲಾರಂ ಇಡುತ್ತಾನೆ. ಒಂದು ಮೊಟ್ಟೆಗೆ, ಇನ್ನೊಂದು ಮೊದಲನೆಯದು ಕೈಕೊಟ್ಟರೆ ಇರಲಿ ಎಂದು. ಮನೆಗೆ ಬೀಗ ಹಾಕಿದ ಮೇಲೆ ಎಳೆದು ನೋಡುತ್ತಾನೆ, ಮೆಟ್ಟಿಲಿಳಿಯುತ್ತಾನೆ, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆಯುತ್ತಾನೆ. ಇವನನ್ನೇ ಮದುವೆಯಾಗುತ್ತೇನೆ ಎಂದು ಮಗಳು ಹಟ ಹಿಡಿದಾಗ, ಹುಡುಗ ಚಿನ್ನದಂಥವನು, ಆದರೆ ಇವನನ್ನು ಕಟ್ಟಿಕೊಂಡು ಹೊತ್ತಿಗೆ ಸರಿಯಾಗಿ ರೈಲು ಹಿಡಿಯುವುದು ಹೇಗೆ ಎಂಬುದೊಂದೇ ನನ್ನ ಚಿಂತೆಯಾಗಿತ್ತು. ಇಂಥವನ ಮುಂದೆ ನಾನು ಕೂತು ಪಾಠ ಹೇಳಿಸಿಕೊಳ್ಳುವ ಕಾಲ ಬರುತ್ತದೆಂದು ಯಾರಾದರೂ ಅಂದಿದ್ದರೆ ಅವರ ಮುಖಕ್ಕೇ ನಗುತ್ತಿದ್ದೆ.

ನಾನು ಒಂದು ಆಸ್ಪತ್ರೆಯ ಸರ್ವರ್‌ಗಳನ್ನು ನೋಡಿಕೊಳ್ಳುವವಳು. ನನ್ನ ಕೋಣೆ ನೆಲಮಾಳಿಗೆಯಲ್ಲಿದೆ. ಎಡಕ್ಕೆ ಬಟ್ಟೆ ಒಗೆಯುವ ವಿಭಾಗ, ಬಲಕ್ಕೆ ಮುರಿದ ಗಾಲಿಕುರ್ಚಿಗಳ ರಾಶಿ. ಹೊರಗೆ ಬಿಸಿ ಹಬೆ, ಒಳಗೆ ಶಾಲು ಹೊದೆಯುವಷ್ಟು ಚಳಿ. ಕಪಾಟಿನಷ್ಟೆತ್ತರದ ಕಬ್ಬಿಣದ ಚೌಕಟ್ಟುಗಳಲ್ಲಿ ಯಂತ್ರಗಳು ಹಗಲಿರುಳು ಗುಂಯ್ ಎನ್ನುತ್ತಿರುತ್ತವೆ. ಆ ಸದ್ದು ಒಂದು ಎಳೆ ಆಚೀಚೆಯಾದರೂ ನನಗೆ ಗೊತ್ತಾಗುತ್ತದೆ, ಮಗು ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೆ ತಾಯಿಗೆ ಗೊತ್ತಾಗುವ ಹಾಗೆ. ಯಾವ ರೋಗಿಗೆ ಯಾವ ರಕ್ತ, ಯಾರ ಎಕ್ಸ್‌ರೇ ಎಲ್ಲಿ, ನಾಳೆ ಯಾವ ಡಾಕ್ಟರಿಗೆ ಎಷ್ಟು ಗಂಟೆಗೆ ಆಪರೇಷನ್, ಎಲ್ಲವೂ ಈ ಯಂತ್ರಗಳ ಹೊಟ್ಟೆಯಲ್ಲಿವೆ. ಅವುಗಳನ್ನು ನಡೆಸುವುದು ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಕಾಸು ಕೇಳದ ಸರಕು. ಬಿಚ್ಚಲು ಯಾರಪ್ಪಣೆಯೂ ಬೇಕಿಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸಲು ಮಾತ್ರ ನನ್ನಂಥವರು ಬೇಕು.

ಇಷ್ಟು ಕಾಲ ನಾನು ಅಲ್ಲಿ ರಾಣಿಯ ಹಾಗಿದ್ದೆ. ಆಮೇಲೆ ಹೊಸ ಆಡಳಿತಾಧಿಕಾರಿ ಬಂದರು. ಬಂದ ವಾರದಲ್ಲೇ ನನ್ನನ್ನು ಮೇಲಕ್ಕೆ ಕರೆಸಿ, ನೀರು ಕೊಟ್ಟು, ಕುರ್ಚಿ ತೋರಿಸಿದರು. ಇಷ್ಟು ಮರ್ಯಾದೆ ಕಂಡಾಗಲೇ ಏನೋ ಗ್ರಹಚಾರ ಕಾದಿದೆ ಎಂದುಕೊಂಡೆ.

"ಸರ್ವರ್ ಕೋಣೆ ಮುಖ್ಯಸ್ಥರಿಗೆ ಹಿರಿಯ ನಿರ್ವಾಹಕರ ಸರ್ಟಿಫಿಕೇಟ್ ಇರಬೇಕು ಅಂತ ಆಡಳಿತ ಮಂಡಳಿ ತೀರ್ಮಾನ ಮಾಡಿದೆ" ಎಂದರು.

"ಸರ್ಟಿಫಿಕೇಟ್ ಇಲ್ದೇನೇ ನಡೀತಿದೆಯಲ್ಲ ಸರ್."

"ನಡೀತಿದೆ, ಇಲ್ಲ ಅನ್ನಲ್ಲ. ಆದ್ರೆ ನೀವು ಪಾಸ್ ಮಾಡ್ಲಿಲ್ಲ ಅಂದ್ರೆ ಕೋಣೇನ ಹೊರಗಿನ ಕಂಪನಿಗೆ ಕೊಡ್ಬೇಕಾಗುತ್ತೆ. ನಿಮಗೆ ಕೆಲಸ ಹೋಗಲ್ಲ. ಮುಂದುಗಡೆ ಟೋಕನ್ ಕೊಡೋ ಕೌಂಟರ್‌ನಲ್ಲಿ ಜಾಗ ಇದೆ."

ಟೋಕನ್ ಕೌಂಟರ್. ಮೈಯೆಲ್ಲ ಉರಿದುಹೋಯಿತು. ಆದರೂ ನಗುಮುಖ ಮಾಡಿಕೊಂಡು, ಅರ್ಜಿ ಹಾಕಿದ ಕಂಪನಿ ಯಾವುದು ಎಂದು ಕೇಳಿದೆ. ಒಂದೇ ಒಂದು ಕಂಪನಿ ಹಾಕಿತ್ತು. ಅದು ನನ್ನ ಅಳಿಯ ಕೆಲಸ ಮಾಡುವ ಕಂಪನಿ. ಅವರ ಕಡೆಯಿಂದ ಕೋಣೆ ವಹಿಸಿಕೊಳ್ಳಬೇಕಾದ ಮನುಷ್ಯ ಸಾಕ್ಷಾತ್ ನನ್ನ ಅಳಿಯ. ಅವನಿಗೂ ಅದೇ ಸರ್ಟಿಫಿಕೇಟ್ ಬೇಕಿತ್ತು, ಅವನ ಹತ್ತಿರವೂ ಅದು ಇರಲಿಲ್ಲ.

ಆ ಸಂಜೆ ಊಟದ ಮೇಜಿನ ಮುಂದೆ ಯಾರೂ ಉಪ್ಪಿನ ಡಬ್ಬಿ ಕೇಳುವ ಧೈರ್ಯ ಮಾಡಲಿಲ್ಲ. ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಅಳಿಯ ತಟ್ಟೆಯಲ್ಲೇ ಏನೋ ಕಳೆದುಕೊಂಡವನಂತೆ ಹುಡುಕುತ್ತಿದ್ದ. ಮಗಳು ಶಾಲೆಯಲ್ಲಿ ಗಣಿತ ಕಲಿಸುವವಳು. ಮನೆಯಲ್ಲಿ ಜಗಳವಾದರೂ ಅದನ್ನು ಬಿಡಿಸಿ ಬರೆಯದೆ ಅವಳಿಗೆ ಸಮಾಧಾನವಿಲ್ಲ. ಚಮಚಗಳನ್ನು ಸಾಲಾಗಿ ಜೋಡಿಸಿದಳು.

"ಅಮ್ಮ ಪಾಸಾದ್ರೆ ಕೋಣೆ ಅಮ್ಮನದೇ, ಇವರು ಪಾಸಾದ್ರೂ ಅಷ್ಟೇ ಫೇಲಾದ್ರೂ ಅಷ್ಟೇ. ಅಮ್ಮ ಫೇಲಾಗಿ ಇವರು ಪಾಸಾದ್ರೆ ಕೋಣೆ ಇವರ ಕಂಪನಿಗೆ. ಇಬ್ರೂ ಫೇಲಾದ್ರೆ ವಹಿಸ್ಕೊಳ್ಳೋರೇ ಇಲ್ಲ, ಮುಂದಿನ ಪರೀಕ್ಷೆವರೆಗೆ ಅಮ್ಮನೇ ಇರ್ತಾಳೆ. ಇಷ್ಟೇ ತಾನೆ. ಇದಕ್ಕೆ ಯಾಕೆ ಇಬ್ರೂ ಸಾವಾದ ಮನೇಲಿ ಕೂತ ಹಾಗೆ ಕೂತಿದ್ದೀರಿ?"

"ಅತ್ತೆ, ನಾನು ನಿಮಗೆ ಹೇಳ್ಕೊಡ್ತೀನಿ" ಎಂದ ಅಳಿಯ, ತಟ್ಟೆಯಿಂದ ತಲೆ ಎತ್ತದೆ.

"ನಿನ್ನ ಕಂಪನಿ ನನ್ನ ಕೋಣೆ ಕಿತ್ಕೊಳ್ಳೋಕೆ ನೋಡ್ತಿದೆ. ನೀನು ನನಗೆ ಹೇಳ್ಕೊಡ್ತೀಯಾ?"

"ಕಂಪನಿಗೆ ಬೇರೆ ಆಸ್ಪತ್ರೆ ಸಿಗುತ್ತೆ. ನನಗೆ ಬೇರೆ ಅತ್ತೆ ಸಿಗಲ್ಲ."

ಈ ಮಾತಿಗೆ ನಾನು ಕರಗಿಹೋದೆ. ತೋರಿಸಿಕೊಳ್ಳಲಿಲ್ಲ, ಅಷ್ಟೇ. ಉಪ್ಪಿನ ಡಬ್ಬಿಯನ್ನು ಅವನ ಕಡೆ ತಳ್ಳಿದೆ.

ನಾವಿಬ್ಬರೂ ಸೇರಿದ ತರಬೇತಿ ಕೇಂದ್ರ ಒಂದು ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗಿನಿಂದ ವಾರ್ನಿಶ್ ವಾಸನೆ ಏರಿ ಬರುತ್ತಿತ್ತು. ನಡುನಡುವೆ ಯಾರೋ ಮಂಚದ ಕಾಲಿಗೆ ಮೊಳೆ ಹೊಡೆಯುವ ಸದ್ದು. ನಮಗೆ ಕಲಿಸುತ್ತಿದ್ದವರು ಮಾತಾಡುವಾಗ ಬೋರ್ಡಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಹೋಗಿ ಬಂದು ಮಾಡುತ್ತಿದ್ದರು. ಮೊದಲ ದಿನವೇ ನಾನು ಅವರಿಗೆ ಪೆಂಡ್ಯುಲಮ್ ಎಂದು ಹೆಸರಿಟ್ಟೆ. ಎರಡನೆಯ ವಾರದ ಹೊತ್ತಿಗೆ ಇಡೀ ತರಗತಿ ಹಾಗೇ ಕರೆಯತೊಡಗಿತ್ತು. ಅವರದೊಂದು ಕೆಟ್ಟ ಅಭ್ಯಾಸವಿತ್ತು. ನಾವು ಟೀ ಕುಡಿಯಲು ಹೋದಾಗ ನಮ್ಮ ನಮ್ಮ ಯಂತ್ರಗಳಲ್ಲಿ ಏನಾದರೊಂದನ್ನು ಕೆಡಿಸಿಟ್ಟು, ವಾಪಸ್ ಬಂದಾಗ ಏನೂ ಅರಿಯದವರಂತೆ ಕಿಟಕಿಯಾಚೆ ನೋಡುತ್ತ ನಿಂತಿರುತ್ತಿದ್ದರು. ಅದನ್ನು ಹುಡುಕಿ ಸರಿಪಡಿಸುವುದೇ ಪಾಠ.

ನನ್ನದು ಕೈ ಮೊದಲು, ತಲೆ ಆಮೇಲೆ. ಪ್ರಶ್ನೆಯ ಅರ್ಧ ಓದುವಷ್ಟರಲ್ಲಿ ಬೆರಳು ಉತ್ತರದ ಅರ್ಧಕ್ಕೆ ಹೋಗಿರುತ್ತದೆ. ಎಷ್ಟೋ ಸಲ ಅದು ಬೇರೆ ಯಾವುದೋ ಪ್ರಶ್ನೆಯ ಉತ್ತರವಾಗಿರುತ್ತದೆ. ಒಂದು ದಿನ ಪೆಂಡ್ಯುಲಮ್ ಇಮೇಲಿನ ಟಪಾಲು ಸರ್ವರ್ ಕೆಡಿಸಿದ್ದರೆ ನಾನು ಚೆನ್ನಾಗಿದ್ದ ಬ್ಯಾಕಪ್ ವ್ಯವಸ್ಥೆಯನ್ನು ರಿಪೇರಿ ಮಾಡಿ ಹಾಳು ಮಾಡಿದ್ದೆ. ಪಕ್ಕದಲ್ಲಿ ಅಳಿಯ ಪ್ರಶ್ನೆಯನ್ನು ಮೂರು ಸಲ ಓದಿ, ಅಡಿಗೆರೆ ಎಳೆದು, ಕೈ ಒರೆಸಿಕೊಂಡು, ಕೀಲಿಗಳ ಮೇಲೆ ಬೆರಳಿಡುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ನಮ್ಮಿಬ್ಬರನ್ನೂ ಕಲಸಿ ಒಬ್ಬರನ್ನು ಮಾಡಿದರೆ ಒಬ್ಬ ಒಳ್ಳೆಯ ನಿರ್ವಾಹಕ ಸಿಗುತ್ತಾನೆ ಎಂದು ಪೆಂಡ್ಯುಲಮ್ ಎಲ್ಲರ ಮುಂದೆ ಹೇಳಿದರು. ನಾನು ಮೂಗು ಮುರಿದೆ. ಅಳಿಯ ಮಾತ್ರ ಅದು ಸಾಧ್ಯವೇ ಎಂದು ಯೋಚಿಸುವವನಂತೆ ತಲೆದೂಗಿದ.

ನನಗೆ ತಲೆನೋವಾಗಿದ್ದು ಫೈರ್‌ವಾಲ್. ಪ್ರತಿ ಸರ್ವರ್‌ಗೂ ಒಬ್ಬ ಬಾಗಿಲು ಕಾಯುವವನಿರುತ್ತಾನೆ ಎಂದುಕೊಳ್ಳಿ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ನಾವು ಅವನಿಗೆ ನಿಯಮ ಬರೆದು ಕೊಡಬೇಕು. ಸರ್ವರ್ ಎಲ್ಲೋ ದೂರದಲ್ಲಿರುತ್ತದೆ. ನಾವು ಇಲ್ಲಿ ಕೂತು, ಅದೇ ಬಾಗಿಲಿನಿಂದ ಒಳಹೊಕ್ಕು, ಆ ಬಾಗಿಲಿನವನಿಗೇ ಹೊಸ ನಿಯಮ ಹೇಳುತ್ತೇವೆ. ಅವಸರದಲ್ಲಿ ಒಂದು ಸಾಲು ತಪ್ಪಿದರೆ ಅವನು ಮೊದಲು ಹೊರಗೆ ಹಾಕುವುದು ನಮ್ಮನ್ನೇ. ಎಷ್ಟು ಗೋಗರೆದರೂ ಮತ್ತೆ ಬಿಡುವುದಿಲ್ಲ. ಆಗ ಆ ಯಂತ್ರ ಇರುವ ಜಾಗಕ್ಕೇ ಖುದ್ದಾಗಿ ಹೋಗಬೇಕು. ನಮ್ಮ ಆಸ್ಪತ್ರೆಯ ಶಾಖೆಯೊಂದು ನಗರದ ಇನ್ನೊಂದು ತುದಿಯಲ್ಲಿದೆ. ಅಲ್ಲಿಯ ಬಾಗಿಲಿನವನು ನನ್ನನ್ನು ಹೀಗೆ ಹೊರಗೆ ಹಾಕಿ, ನಾನು ಎರಡು ಬಸ್ಸು ಬದಲಿಸಿ ಹೋಗಿ, ಅಲ್ಲಿಯ ದಾದಿಯರ ಮುಂದೆ ಸುಮ್ಮನೆ ನೋಡಿ ಹೋಗಲು ಬಂದೆ ಎಂದು ನಟಿಸಿದ್ದುಂಟು. ಅವರೇನು ದಡ್ಡರಲ್ಲ. ಮುಂದಿನ ಸಲ ನಾನು ಹೋಗುವಷ್ಟರಲ್ಲಿ ಟೀ ಕಾಯಿಸಿಟ್ಟಿದ್ದರು.

ಅಳಿಯನ ಹತ್ತಿರ ಇದಕ್ಕೊಂದು ಉಪಾಯವಿತ್ತು. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಎದುರುಬದುರಾಗಿ ಇಟ್ಟುಕೊಂಡು ಅದನ್ನು ಕಲಿಸಿದ.

"ಬಾವಿಗೆ ಇಳಿಯೋರು ಸೊಂಟಕ್ಕೆ ಹಗ್ಗ ಕಟ್ಕೊಳ್ತಾರಲ್ಲ ಅತ್ತೆ, ಹಾಗೆ. ಫೈರ್‌ವಾಲ್ ಮುಟ್ಟೋ ಮುಂಚೆ ಯಂತ್ರಕ್ಕೆ ಒಂದು ಆಜ್ಞೆ ಕೊಟ್ಟಿಡಿ. ಅರ್ಧ ಗಂಟೆ ಆದ್ಮೇಲೆ ಹಳೇ ನಿಯಮಾನೇ ತಾನಾಗಿ ವಾಪಸ್ ಹಾಕು ಅಂತ. ನೀವು ಹೊರಗೆ ಬಿದ್ರೂ ಅರ್ಧ ಗಂಟೆ ಕಾದ್ರೆ ಸಾಕು, ಬಾಗಿಲು ತಾನೇ ತೆರೆಯುತ್ತೆ. ಬಸ್ ಹತ್ತೋದು ಬೇಡ."

"ನಾನು ಸರಿಯಾಗೇ ಮಾಡಿ ಮುಗಿಸಿದ್ರೆ?"

"ಆಗ ಹಗ್ಗ ಬಿಚ್ಚಬೇಕು. ಆಜ್ಞೇನ ರದ್ದು ಮಾಡ್ಬೇಕು. ಇಲ್ಲಾಂದ್ರೆ ಅರ್ಧ ಗಂಟೆ ಆದ್ಮೇಲೆ ನಿಮ್ಮ ಒಳ್ಳೇ ಕೆಲಸಾನೂ ಅಳಿಸಿ ಹಾಕುತ್ತೆ. ಅದಕ್ಕೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ."

ಬಿಚ್ಚುವುದು ಮರೆಯಬಾರದೆಂದು ಅವನು ಹಗ್ಗ ಕಟ್ಟಿದ ಕೂಡಲೇ ಎಡಗೈ ಕಿರುಬೆರಳಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದ. ಬಿಚ್ಚಿದ ಮೇಲೆ ತೆಗೆಯುತ್ತಿದ್ದ. ನನಗೂ ಒಂದು ಕೊಟ್ಟ.

"ಬೆರಳಿಗೆ ರಬ್ಬರ್ ಬ್ಯಾಂಡ್ ಸುತ್ಕೊಂಡು ತಿರುಗೋಕೆ ನಾನೇನು ಕೊತ್ತಂಬರಿ ಕಟ್ಟಾ?" ಎಂದು ಅದನ್ನು ಹಾಲಿನ ಪೊಟ್ಟಣಕ್ಕೆ ಹಾಕಿದೆ.

ಹಗ್ಗದ ಉಪಾಯವನ್ನೂ ನಾನು ಮೊದಲು ಗಾಳಿಗೆ ತೂರಿದ್ದೆ. ಆದರೆ ಮುಂದಿನ ವಾರ ತರಗತಿಯಲ್ಲಿ ಮತ್ತೆ ಮತ್ತೆ ಹೊರಗೆ ಬಿದ್ದೆ. ಪೆಂಡ್ಯುಲಮ್ ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಫೈರ್‌ವಾಲ್ ಪ್ರಶ್ನೆ ಕಡ್ಡಾಯ, ಅದೊಂದು ಹೋದರೆ ಉಳಿದದ್ದೆಲ್ಲ ಬಂಗಾರವಾಗಿದ್ದರೂ ಫೇಲು ಎಂದರು. ಟೋಕನ್ ಕೌಂಟರ್ ಕಣ್ಣಮುಂದೆ ಬಂತು. ಆ ಸಂಜೆಯಿಂದ ಹಗ್ಗ ಕಟ್ಟತೊಡಗಿದೆ. ಅಳಿಯನ ಮಾತು ಕೇಳಿದ್ದು ಅದೇ ಮೊದಲು ಎಂದು ಮಗಳು ಬೀದಿಯವರಿಗೆಲ್ಲ ಸಾರುವುದೊಂದು ಬಾಕಿ.

ಪರೀಕ್ಷೆಯ ದಿನ ಬೆಳಿಗ್ಗೆ ಎಲ್ಲರ ಕೈಯಲ್ಲೂ ಒಂದು ಒಪ್ಪಿಗೆಗೆ ಸಹಿ ಹಾಕಿಸಿಕೊಂಡರು. ಗಂಟೆ ಬಾರಿಸುವವರೆಗೆ ಪ್ರಶ್ನೆಗಳ ಬಗ್ಗೆ ಯಾರೊಡನೆಯೂ ಮಾತಾಡುವುದಿಲ್ಲ, ಹೊರಗೆ ಕೇಳಿಸಿಕೊಂಡದ್ದನ್ನು ಒಳಗೆ ಬಳಸುವುದಿಲ್ಲ ಎಂದು. ನಾನು ಓದದೆ ಸಹಿ ಹಾಕಿದೆ. ಅಳಿಯ ಓದಿ, ಹಾಳೆ ತಿರುಗಿಸಿ, ಹಿಂದೆ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ಓದಿ ಹಾಕಿದ.

ನಾನು ಅಂದು ಒಂದು ಕೈ ನೋಡಿಯೇಬಿಟ್ಟೆ. ಏಳಲು ಒಲ್ಲದ ಯಂತ್ರವನ್ನು ಎಬ್ಬಿಸಿದೆ, ಟಪಾಲು ಸರಿಪಡಿಸಿದೆ, ಅಳಿಸಿಹೋದ ಕಡತಗಳನ್ನು ಬ್ಯಾಕಪ್‌ನಿಂದ ವಾಪಸ್ ತಂದೆ. ಫೈರ್‌ವಾಲ್ ಕೊನೆಗೆ ಇಟ್ಟುಕೊಂಡಿದ್ದೆ. ಹಗ್ಗ ಕಟ್ಟಿದೆ. ನಿಯಮಗಳನ್ನು ಒಂದೊಂದಾಗಿ ಓದಿ ಬರೆದೆ, ನನ್ನ ಜನ್ಮದಲ್ಲೇ ಹಾಗೆ ಓದಿರಲಿಲ್ಲ. ಬಾಗಿಲಿನವನು ನನ್ನನ್ನು ಹೊರಗೆ ಹಾಕಲಿಲ್ಲ. ಬರಬೇಕಾದವರು ಬಂದರು, ಬರಬಾರದವರು ಹೊರಗೆ ನಿಂತರು. ಎಷ್ಟು ಹಿಗ್ಗಾಯಿತೆಂದರೆ ಆ ಹಿಗ್ಗಿನಲ್ಲೇ 'ಮುಗಿಯಿತು' ಎಂಬ ಗುಂಡಿ ಒತ್ತಿ, ಎಲ್ಲರಿಗಿಂತ ಮೊದಲು ಎದ್ದು, ಎಲ್ಲರ ಕಣ್ಣಿಗೂ ಬೀಳುವಂತೆ ನಿಧಾನವಾಗಿ ನಡೆದು ಹೊರಗೆ ಬಂದೆ. ಆ ಗುಂಡಿ ಒತ್ತಿದ ಮೇಲೆ ಮತ್ತೆ ಒಳಗೆ ಹೋಗುವಂತಿಲ್ಲ. ಯಂತ್ರ ಮಾತ್ರ ಹಾಗೇ ನಡೆಯುತ್ತಿರುತ್ತದೆ. ಕೊನೆಯ ಗಂಟೆಯಾದ ಮೇಲೆ ಒಂದೊಂದನ್ನೇ ತೆರೆದು ನೋಡಿ ಅಂಕ ಹಾಕುತ್ತಾರೆ.

ಹೊರಗೆ ಕಾರಿಡಾರಿನಲ್ಲಿ ಒಂದು ಬೆಂಚು, ಒಂದು ನೀರಿನ ಫಿಲ್ಟರು, ಬಾಗಿಲ ಬಳಿ ಪತ್ರಿಕೆಯ ಪದಬಂಧ ತುಂಬುತ್ತಿದ್ದ ಕಾವಲಿನ ಹೆಂಗಸು. ನಾನು ಬೆಂಚಿನ ಮೇಲೆ ಕಾಲು ಚಾಚಿ ಕೂತು ಆಡಳಿತಾಧಿಕಾರಿಯ ಮೇಜಿನ ಮೇಲೆ ಸರ್ಟಿಫಿಕೇಟ್ ಇಡುವಾಗ ಏನು ಹೇಳಬೇಕೆಂದು ಮಾತು ಜೋಡಿಸುತ್ತಿದ್ದೆ. ಕೆಳಗೆ ಯಾರೋ ಮೊಳೆ ಹೊಡೆಯುತ್ತಿದ್ದರು.

ಆಗ ನೆನಪಾಯಿತು. ಹಗ್ಗ ಬಿಚ್ಚಿರಲಿಲ್ಲ.

ಎದ್ದು ನಿಂತೆ, ಮತ್ತೆ ಕೂತೆ. ಕಾವಲಿನವಳು ತಲೆ ಎತ್ತಿ ನೋಡಿ ಮತ್ತೆ ಪದಬಂಧಕ್ಕೆ ಇಳಿದಳು. ಗೋಡೆಯಾಚೆ ನನ್ನ ಯಂತ್ರದೊಳಗೆ ಆ ಆಜ್ಞೆ ತನ್ನ ಹೊತ್ತಿಗೆ ಕಾಯುತ್ತ ಕೂತಿತ್ತು. ಅಂಕ ಹಾಕುವವರು ಬರುವಷ್ಟರಲ್ಲಿ ಅದು ಎದ್ದು, ನಾನು ಬರೆದ ಒಂದೊಂದು ನಿಯಮವನ್ನೂ ಅಳಿಸಿ, ಹಳೆಯದನ್ನು ಹಾಕಿ, ಏನೂ ಆಗಿಲ್ಲವೆಂಬಂತೆ ಸುಮ್ಮನಾಗಿರುತ್ತದೆ. ಕಡ್ಡಾಯದ ಪ್ರಶ್ನೆ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಎಲ್ಲಿ ಇಳಿಸಲಿ ಎಂದು ಹುಡುಕುವಾಗ ಅಳಿಯ ಸಿಕ್ಕಿದ. ನಲವತ್ತು ಬಸ್ಸು ಹತ್ತಿ ಇಳಿದರೂ ಹಗ್ಗ ಕಟ್ಟದೆ ಬದುಕಿದ್ದೆ. ಇದನ್ನು ತಲೆಗೆ ತುಂಬಿದವನು ಯಾರು? ನಾನು ಬಿದ್ದರೆ ಲಾಭ ಯಾರಿಗೆ? ಬೇಕೆಂದೇ ಹೇಳಿಕೊಟ್ಟನೇ? ಮನಸ್ಸು ಇಂಥ ದಾರಿ ಹಿಡಿದರೆ ಎಲ್ಲೂ ಎಡವದೆ ಓಡುತ್ತದೆ. ಅವನು ಮೊದಲ ಸಲ ನಮ್ಮ ಮನೆಗೆ ಬಂದಾಗ ತಂದಿದ್ದ ಹೂವಿನಲ್ಲೂ ನನಗೆ ಸಂಚು ಕಂಡಿತು.

ಅಷ್ಟರಲ್ಲಿ ಬಾಗಿಲು ತೆರೆದು ಅಳಿಯನೇ ಹೊರಗೆ ಬಂದ. ನೀರು ಕುಡಿಯಲು ಅಪ್ಪಣೆ ಪಡೆದು ಬಂದಿದ್ದ. ಮುಖದಲ್ಲಿ ಸಮಾಧಾನವಿತ್ತು. ನಿಯಮದಂತೆ ನನ್ನೊಡನೆ ಒಂದು ಮಾತೂ ಆಡದೆ, ಚೆನ್ನಾಗಾಯಿತು ಎಂಬಂತೆ ಕಣ್ಣಲ್ಲೇ ನಕ್ಕು, ಫಿಲ್ಟರಿನ ಕೆಳಗೆ ಲೋಟ ಹಿಡಿದ. ಹಿಡಿದ ಎಡಗೈಯ ಕಿರುಬೆರಳಲ್ಲಿ ರಬ್ಬರ್ ಬ್ಯಾಂಡ್ ಹಾಗೇ ಇತ್ತು.

ಅವನೂ ಬಿಚ್ಚಿರಲಿಲ್ಲ.

ಎಷ್ಟು ದಿನದಿಂದ ಹಾಕಿ ತೆಗೆದು ಮಾಡಿದ್ದನೋ, ಆ ಬೆರಳಿಗೆ ಬ್ಯಾಂಡ್ ಇದೆಯೆಂಬುದೇ ಅವನಿಗೆ ಕಾಣದಂತಾಗಿತ್ತು. ನನ್ನ ಅನುಮಾನ ಅಲ್ಲೇ ಸತ್ತುಹೋಯಿತು. ಪಾಪ, ನನಗೆ ಕಲಿಸಿದ್ದನ್ನೇ ತಾನೂ ಮಾಡಿದ್ದ, ಮರೆವಿನ ಸಮೇತ. ಅದರ ಬೆನ್ನಿಗೇ ಮಗಳು ಜೋಡಿಸಿದ್ದ ಚಮಚಗಳು ಕಣ್ಣಮುಂದೆ ಬಂದವು. ಇಬ್ಬರೂ ಫೇಲಾದರೆ ಕೋಣೆ ನನ್ನದೇ. ನಾನು ಮಾಡಬೇಕಾದದ್ದು ಇಷ್ಟೇ, ಬಾಯಿ ಮುಚ್ಚಿಕೊಂಡು ಕೂರುವುದು. ಅದೂ ನಿಯಮದ ಪ್ರಕಾರವೇ. ನಾನು ಸಹಿ ಹಾಕಿದ್ದು ಅದಕ್ಕೇ ತಾನೆ?

ಅವನು ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಾನೆ, ಗಂಟಲಿಗೆ ಸಿಕ್ಕೀತು ಎಂದು. ಲೋಟ ಅರ್ಧವಾಯಿತು. ನನ್ನ ಕೋಣೆಯ ಚಳಿ, ಆ ಗುಂಯ್ ಸದ್ದು, ನನ್ನ ಶಾಲು ತೂಗುಹಾಕುವ ಮೊಳೆ, ಎಲ್ಲ ನೆನಪಾಯಿತು. ಲೋಟ ಮುಗಿಯುತ್ತ ಬಂತು. ತನ್ನ ಭಾನುವಾರಗಳನ್ನೆಲ್ಲ ನನ್ನ ಊಟದ ಮೇಜಿಗೆ ತಂದು ಸುರಿದವನು. ಸುಮ್ಮನಿರು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನನ್ನ ಬಾಯಿ ಯಾವತ್ತೂ ನನ್ನ ಮಾತು ಕೇಳಿದ್ದಿಲ್ಲ.

"ಬೆರಳು ನೋಡ್ಕೊ" ಎಂದೆ, ಕಾವಲಿನವಳಿಗೆ ಕೇಳದಷ್ಟು ಮೆಲ್ಲಗೆ.

ನೋಡಿಕೊಂಡ. ಲೋಟವನ್ನು ಅದರ ಜಾಗದಲ್ಲಿಟ್ಟು, ಸರಿಯಾಗಿ ಕೂತಿದೆಯೇ ಎಂದು ಮುಟ್ಟಿ ನೋಡಿ, ಒಳಗೆ ಹೋದ. ಅವನಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನಾನು ಬೆಂಚಿನ ಮೇಲೆ ಕೂತು ನನ್ನ ಕೋಣೆಗೆ ಮನಸ್ಸಿನಲ್ಲೇ ಬೀಗ ಹಾಕಿದೆ. ಕಣ್ಣೀರು ಬಂತೋ ಇಲ್ಲವೋ ನೆನಪಿಲ್ಲ. ಕಾವಲಿನವಳು ಎದ್ದು ಬಂದು ಒಂದು ಲೋಟ ನೀರು ಕೊಟ್ಟಳು.

ಗಂಟೆಯಾದ ಮೇಲೆ ಅವನು ಬಂದ. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಕಿಟಕಿ ನೋಡಿದೆವು. ಮುಂದಿನ ದಿನಗಳಲ್ಲಿ ನಾನು ಕೋಣೆಯಲ್ಲಿದ್ದ ನನ್ನ ಸಾಮಾನುಗಳನ್ನು ಒಂದೊಂದಾಗಿ ಮನೆಗೆ ಸಾಗಿಸತೊಡಗಿದೆ. ಮೊದಲು ಟೀ ಲೋಟ, ಆಮೇಲೆ ಶಾಲು. ಶಾಲು ಮನೆಗೆ ತಂದ ಮೇಲೆ ಕೋಣೆಯಲ್ಲಿ ನಾಲ್ಕು ದಿನ ಚಳಿಯಲ್ಲಿ ನಡುಗಿದೆ.

ಫಲಿತಾಂಶ ಹೇಳಲು ಪೆಂಡ್ಯುಲಮ್ ನಮ್ಮಿಬ್ಬರನ್ನೂ ಒಟ್ಟಿಗೇ ಕರೆದರು. ಅಂದು ಅವರು ಆ ತುದಿಗೂ ಹೋಗಲಿಲ್ಲ, ಈ ತುದಿಗೂ ಹೋಗಲಿಲ್ಲ, ನಡುವೆ ನಿಂತುಬಿಟ್ಟಿದ್ದರು.

"ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ" ಎಂದರು. "ಫೈರ್‌ವಾಲ್ ಇಬ್ಬರೂ ಸರಿಯಾಗೇ ಮಾಡಿದ್ದೀರಿ. ಇಬ್ಬರದ್ದನ್ನೂ ಹಿಂತಿರುಗಿಸೋ ಆಜ್ಞೆ ಬಂದು ಅಳಿಸಿ ಹಾಕಿದೆ. ಒಬ್ಬರು ಮರೀಬಹುದು. ಒಂದೇ ಮನೆಯವರು ಇಬ್ಬರೂ ಮರೆಯೋದು ಅಂದ್ರೆ ಏನು? ಇಬ್ಬರೂ ಫೇಲು. ಮುಂದಿನ ಸಲ ಬನ್ನಿ."

ನಾನು ಅಳಿಯನ ಮುಖ ನೋಡಿದೆ. ಅವನು ಬೋರ್ಡಿನ ಮೇಲೆ ಏನೂ ಬರೆದಿಲ್ಲದ ಜಾಗವನ್ನು ಗಮನವಿಟ್ಟು ಓದುತ್ತಿದ್ದ.

ಮನೆಗೆ ಬರುವವರೆಗೆ ಹೇಗೋ ತಡೆದುಕೊಂಡೆ. ಅಡುಗೆಮನೆಯಲ್ಲಿ ಅವನು ಪಾತ್ರೆ ಒರೆಸುತ್ತಿರುವಾಗ ಹೋಗಿ ನಿಂತೆ.

"ನಾನು ಹೇಳಿದ್ನಲ್ಲ. ಬೆರಳು ನೋಡ್ಕೊ ಅಂದ್ನಲ್ಲ. ಒಳಗೆ ಹೋಗಿ ಕಡಲೆಕಾಯಿ ತಿಂದ್ಯಾ?"

"ಬಿಚ್ಚಲಿಲ್ಲ ಅತ್ತೆ."

"ಅದು ಗೊತ್ತಾಯ್ತು. ಯಾಕೆ?"

"ಹೊರಗೆ ಕೇಳಿದ್ದನ್ನ ಒಳಗೆ ಬಳಸಲ್ಲ ಅಂತ ಸಹಿ ಹಾಕಿದ್ದೆ."

"ಸಹಿ ನಾನೂ ಹಾಕಿದ್ದೆ ಕಣೋ. ಆದ್ರೂ ಹೇಳ್ದೆ."

"ನೀವು ಹೇಳಿದ್ದು ಅತ್ತೆಯಾಗಿ" ಎಂದ, ಒರೆಸಿದ ತಟ್ಟೆಯನ್ನು ಮತ್ತೆ ಒರೆಸುತ್ತ. "ನಾನು ಒಳಗೆ ಹೋಗಿದ್ದು ಪರೀಕ್ಷೆ ಬರೆಯೋನಾಗಿ. ನಾನಾಗೇ ನೆನಪಿಸ್ಕೊಂಡಿದ್ರೆ ಬಿಚ್ಚಿರ್ತಿದ್ದೆ. ನೀವು ಹೇಳಿ ಬಿಚ್ಚಿದ್ರೆ ಪಾಸಾಗೋದು ನಾನಲ್ಲ."

"ನಿನ್ನ ಯಜಮಾನ ಏನಂದ?"

"ಫೋನಲ್ಲೇ ಕೂಗಾಡಿದ್ರು. ನಾಳೆ ಮತ್ತೆ ಕೂಗಾಡ್ತಾರೆ."

ನಾನು ಅವನ ಕೈಯಿಂದ ತಟ್ಟೆ ಕಿತ್ತು ಕಪಾಟಿನಲ್ಲಿಟ್ಟೆ. ನನ್ನ ಕೋಣೆಯನ್ನು ಅವನಿಗೆ ಬಿಟ್ಟುಕೊಡಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅದನ್ನು ಅವನ ಕೈಯಿಂದ ವಾಪಸ್ ಪಡೆಯಲು ನಾನು ಸಿದ್ಧಳಾಗಿರಲಿಲ್ಲ. ಅವನು ಕೊಟ್ಟೆನೆಂದು ಹೇಳಲೂ ಇಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ, ಸೋಪಿಲ್ಲದೆ.

ಮಾರನೆಯ ದಿನ ಆಡಳಿತಾಧಿಕಾರಿ ಕರೆಸಿದರು. ಈ ಸಲ ನೀರಿಲ್ಲ, ಕುರ್ಚಿ ಮಾತ್ರ ಇತ್ತು.

"ಇಬ್ಬರೂ ಫೇಲಂತೆ. ಸರಿ, ಸದ್ಯಕ್ಕೆ ನೀವೇ ಇರಿ" ಎಂದರು. "ಆದ್ರೆ ಇನ್ನೊಂದು ವಿಷಯ. ಎಲ್ಲ ಯಂತ್ರಗಳ ಮೂಲ ಪಾಸ್‌ವರ್ಡ್ ನಿಮ್ಮೊಬ್ಬರಿಗೇ ಗೊತ್ತಂತೆ. ನಾಳೆ ನಿಮಗೆ ಹೆಚ್ಚುಕಮ್ಮಿ ಆದ್ರೆ ಆಸ್ಪತ್ರೆ ಗತಿ ಏನು? ಎರಡನೆಯವರೊಬ್ಬರು ಬೇಕು. ಯಾರಿಗೆ ಕೊಡ್ತೀರಿ?"

ಇವರಿಗಿಂತ ಮುಂಚಿನವರೂ ಇದನ್ನೇ ಕೇಳಿದ್ದರು, ನಾನು ಕೊಟ್ಟಿರಲಿಲ್ಲ. ಯಾಕೆಂದರೆ ಅದು ಇದ್ದವರಿಗೆ ಈ ಕಟ್ಟಡದಲ್ಲಿ ಮುಚ್ಚಿದ್ದು ಎಂಬುದೇ ಇಲ್ಲ. ಯಾರಿಗೆ ಯಾವ ಕಾಯಿಲೆ, ಯಾವ ಡಾಕ್ಟರು ಯಾರ ಬಗ್ಗೆ ಏನು ಬರೆದಿದ್ದಾರೆ, ಎಲ್ಲ ಓದಬಹುದು, ಓದಿದ ಗುರುತನ್ನೂ ಅಳಿಸಬಹುದು. ನನ್ನ ಸ್ವಂತ ತಂಗಿ ಇದೇ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಮಲಗಿದ್ದಾಗ ಅವಳ ವರದಿ ನನ್ನ ಬೆರಳ ತುದಿಯಲ್ಲಿತ್ತು. ನಾನು ತೆರೆಯಲಿಲ್ಲ. ಮೇಲೆ ಹೋಗಿ, ಎಲ್ಲರ ಜೊತೆ ಡಾಕ್ಟರ ಬಾಗಿಲ ಮುಂದೆ ಸರದಿಯಲ್ಲಿ ನಿಂತು, ಅವರ ಬಾಯಿಂದಲೇ ಕೇಳಿದೆ. ಕಾಣುವುದನ್ನು ನೋಡದೆ ಇರುವವರು ಎಲ್ಲಿ ಸಿಗುತ್ತಾರೆ? ಅದಕ್ಕೆ ಯಾವ ಪರೀಕ್ಷೆ ಇದೆ?

"ಒಬ್ಬ ಇದ್ದಾನೆ ಸರ್. ನನ್ನ ಅಳಿಯ. ಅವನ ಕಂಪನಿಗೆ ಹೇಳಿ, ವಾರಕ್ಕೆರಡು ದಿನ ಇಲ್ಲಿಗೆ ಕಳಿಸಲಿ."

"ಅವರೂ ಫೇಲಾಗಿದ್ದಾರಲ್ಲಮ್ಮ."

"ಹೂಂ. ಹೇಗೆ ಫೇಲಾದ ಅಂತ ಹೇಳ್ತೀನಿ, ಕೇಳಿ. ನಿಯಮ ಮುರಿದವಳು ನಾನು, ಅದನ್ನೂ ಹೇಳ್ತೀನಿ."

ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೊನೆಗೆ ಫೋನು ಕೈಗೆತ್ತಿಕೊಂಡು ಅಳಿಯನ ಕಂಪನಿಯ ನಂಬರ್ ಕೇಳಿದರು.

ಅವನು ಬಂದದ್ದು ಸೋಮವಾರ. ಮನೆಯಿಂದ ವಾಪಸ್ ತಂದ ಶಾಲು ಹೊದ್ದು ಕೂತಿದ್ದೆ. ಬಾಗಿಲಲ್ಲೇ ನಿಂತು ಒಳಗೆ ಬರಬಹುದೇ ಎಂದು ಕೇಳಿದ. ಬಾ ಎಂದೆ. ಬಾಗಿಲು ಮುಚ್ಚಿಸಿದೆ. ಬರೆದುಕೊಳ್ಳುವಂತಿಲ್ಲ, ಕೇಳಿ ನೆನಪಿಟ್ಟುಕೊಳ್ಳಬೇಕು ಎಂದೆ. ಹತ್ತಿರ ಬಂದು ಬಗ್ಗಿದ. ಇಷ್ಟು ವರ್ಷ ಹೆತ್ತ ಮಗಳಿಗೂ ಹೇಳದ ಆ ಪಾಸ್‌ವರ್ಡನ್ನು ಅವನ ಕಿವಿಯಲ್ಲಿ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ.

"ಇನ್ನೊಂದ್ಸಲ ಹೇಳ್ತೀರಾ ಅತ್ತೆ? ಖಾತ್ರಿಗೆ."

ನಾನು ರೇಗಲಿಲ್ಲ. ಇನ್ನೊಂದು ಸಲ ಹೇಳಿದೆ.